ತೊಂಬತ್ತೊಂದರವರೆಗೆ ಎಣಿಸಿದ್ದು

ನನಗೆ ಎಲ್ಲರ ದನಿಯೂ ಬರುತ್ತದೆ. ಹೈದರಾಬಾದಿನ ತಾರ್ನಾಕದ ನಮ್ಮ ಓಣಿಗೆ ಬರುವ ತರಕಾರಿ ಗಾಡಿಯವನಿಂದ ಹಿಡಿದು, ರಕ್ಷಣಾ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ದುಡಿದು ಈಗ ಮನೆಯ ಫ್ಯಾನಿನ ಸ್ವಿಚ್ಚಿನ ಮೇಲೆ ಮಾತ್ರ ಅಧಿಕಾರ ಉಳಿಸಿಕೊಂಡಿರುವ ನನ್ನ ಅಪ್ಪನವರೆಗೆ. ಅಪ್ಪ ಬಚ್ಚಲಲ್ಲಿದ್ದಾಗ ನಾನು ಅವನ ದನಿಯಲ್ಲಿ "ಏ, ಚಾ ಆತೇನ?" ಎಂದು ಕೂಗಿದರೆ ಅವ್ವ ಒಲೆಗೆ ಪಾತ್ರೆ ಇಟ್ಟುಬಿಡುತ್ತಾಳೆ. ಚಹಾ ನನಗೆ, ಬೈಗುಳ ಅಪ್ಪನಿಗೆ. "ಎಷ್ಟ ಸಲ ಕುಡೀತೀರಿ? ಹೊಟ್ಟಿ ಐತೋ ಹಂಡೆ ಐತೋ?" ಎಂದು ಅವ್ವ ಬಚ್ಚಲ ಬಾಗಿಲಿಗೆ ಹೇಳುತ್ತಾಳೆ. ಒಳಗಿನಿಂದ ಅಪ್ಪ, "ನಾ ಏನ್ ಅಂದೆ?" ಎನ್ನುತ್ತಾನೆ. ಪಾಪ, ಅವನು ಏನೂ ಅಂದಿರುವುದಿಲ್ಲ.

ನನ್ನ ದನಿಯನ್ನೂ ನಾನು ಅಣಕಿಸಬಲ್ಲೆ. ಮೂಗಿನಲ್ಲಿ ಹುಟ್ಟಿ, ಅರ್ಧ ದಾರಿಯಲ್ಲಿ ಧೈರ್ಯ ಕಳೆದುಕೊಂಡು, ಕೊನೆಗೆ "ಸಾರ್" ಎಂಬಲ್ಲಿಗೆ ಬಂದು ಕೂತುಬಿಡುವ ದನಿ ಅದು. ಇಂಥದೊಂದು ಹುಟ್ಟುವಾಗಲೇ ಕೊರಳಿಗೆ ಬಿದ್ದವನು ಬೇರೆಯವರ ದನಿಯನ್ನು ಬಾಡಿಗೆಗೆ ತರದೆ ಇನ್ನೇನು ಮಾಡಬೇಕು?

ಕೆಲಸ ಅಬಿಡ್ಸ್‌ನಲ್ಲಿ, ದೊಡ್ಡ ಅಂಚೆ ಕಚೇರಿಯ ಹಿಂದಿನ ಗಲ್ಲಿಯ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟು ಇದೆ; ನಾನು ಸೇರಿದ ದಿನದಿಂದ ಅದರ ಮೇಲೆ "ರಿಪೇರಿಯಲ್ಲಿದೆ" ಎಂಬ ಬೋರ್ಡೂ ಇದೆ. ನಮ್ಮ ಕಚೇರಿ ಸೆಣಬಿನ ಬೀಜವನ್ನು ಬಾಂಗ್ಲಾದೇಶಕ್ಕೆ ಕಳಿಸುತ್ತದೆ. ಕೆಲಸ ಸಿಕ್ಕ ಸುದ್ದಿ ಹೇಳಿದಾಗ ಅವ್ವ, "ಸೆಣಬು ಅಂದ್ರ ನಮ್ಮ ಪುಂಡಿಯೇನ?" ಎಂದು ಕೇಳಿದ್ದಳು. ಪುಂಡಿಯಲ್ಲ, ಗೋಣಿಚೀಲದ ಗಿಡ ಎಂದು ತಿಳಿಸಿ ಹೇಳಿದೆ. ಪಲ್ಯಕ್ಕೆ ಬಾರದ ಗಿಡದ ಬೀಜಕ್ಕೆ ಇಷ್ಟೊಂದು ಓದಿದ ಹುಡುಗ ಬೇಕೇ ಎಂಬ ಪ್ರಶ್ನೆ ಅವಳ ಮುಖದಲ್ಲಿ ಇಂದಿಗೂ ಇದೆ.

ಆ ವ್ಯಾಪಾರದ ಸುತ್ತು ನನಗೆ ಮೊದಲು ಭಾಳ ಚೆಂದ ಕಂಡಿತ್ತು. ಸೆಣಬು ಬೆಳೆಯುವುದು ಗಡಿಯ ಆಚೆ, ನೀರು ನಿಲ್ಲುವ ನೆಲದಲ್ಲಿ. ಆದರೆ ನಾರು ಬೇಕಾದರೆ ಗಿಡ ಕಾಯಿ ಕಟ್ಟುವ ಮೊದಲೇ ಕೊಯ್ಯಬೇಕು. ಹಾಗಾಗಿ ಅವರಲ್ಲಿ ಬೀಜ ಸಾಲುವುದಿಲ್ಲ. ಬೀಜಕ್ಕೆಂದೇ ಬೆಳೆಯುವವರು ನಮ್ಮ ಕಡೆಯ ಒಣನೆಲದವರು. ಇಲ್ಲಿಂದ ಬೀಜ ಹೋಗುತ್ತದೆ, ಅಲ್ಲಿಂದ ಗೋಣಿಚೀಲವಾಗಿ ಬರುತ್ತದೆ, ಅದೇ ಚೀಲಕ್ಕೆ ಮತ್ತೆ ಬೀಜ ತುಂಬಿ ನಾವು ಕಳಿಸುತ್ತೇವೆ. ಈ ಸುತ್ತಿನ ಬಗ್ಗೆ ನಮ್ಮ ಸಾಹೇಬರು ದೊಡ್ಡ ಹೋಟೆಲುಗಳ ತಂಪು ಸಭಾಂಗಣಗಳಲ್ಲಿ ಭಾಷಣ ಮಾಡುತ್ತಾರೆ. "ನೆರೆ ದೇಶಗಳ ಅಭಿವೃದ್ಧಿ ಒಂದೇ ದಾರದ ಎರಡು ತುದಿ" ಎನ್ನುತ್ತಾರೆ. ಆ ಸಾಲು ಬರೆದುಕೊಟ್ಟವನು ನಾನು. ಸಾಹೇಬರ ಮಾತು ತೆಲುಗಿನಲ್ಲಿ ಶುರುವಾಗಿ, ಹಿಂದಿಯಲ್ಲಿ ಬೈದು, ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಒಮ್ಮೆ ನಾನು ಅದನ್ನು ಊಟದ ಹೊತ್ತಿನಲ್ಲಿ ಮಾಡಿ ತೋರಿಸುವಾಗ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಬೈಯಲಿಲ್ಲ. "ಅರೆ ಬಾಬು, ನಾನಿಲ್ಲದಾಗ ಫೋನು ನೀನೇ ಎತ್ತು. ನಾನಾಗಿ ಎತ್ತು" ಎಂದರು.

ಹಾಗೆ ನಾನು ಸಾಹೇಬನಾದೆ. ಆಮೇಲೆ ಗಡಿಯ ಏಜೆಂಟನಾದೆ, ಗೋದಾಮಿನ ಮ್ಯಾನೇಜರನಾದೆ. ನಮ್ಮಲ್ಲಿ ಇಲ್ಲದ ಮ್ಯಾನೇಜರನೂ ಆದೆ. "ಲಾರಿ ಹೊರಟಿದೆ" ಎಂದು ಒಬ್ಬನ ದನಿಯಲ್ಲಿ ಹೇಳಿ, ನಂಬದವರಿಗೆ ಇನ್ನೊಬ್ಬನ ದನಿಯಲ್ಲಿ "ಹೌದು, ನಾನೇ ಕಣ್ಣಾರೆ ನೋಡಿದೆ" ಎಂದು ಸಾಕ್ಷಿ ಹೇಳುತ್ತಿದ್ದೆ. ಸಂಬಳ ಮಾತ್ರ ಒಬ್ಬನದೇ.

ಕಚೇರಿಯಲ್ಲಿ ಅಣಕದ ಸಾಕ್ಷಿಯಿಲ್ಲದೆ ಮಾತು ನಂಬಬಹುದಾಗಿದ್ದವಳು ಒಬ್ಬಳೇ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವಳು. ಅವಳು ಬೀಜ ಪರೀಕ್ಷೆ ಮಾಡುವವಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯ ಮಗಳು. ನಾರಾಯಣಗೂಡದ ಕಾಲೇಜೊಂದರ ಎರಡನೇ ಮಹಡಿ ಕಟ್ಟುವಾಗ ಅವಳ ತಾಯಿ ಅಲ್ಲಿ ಇಟ್ಟಂಗಿ ಹೊತ್ತಿದ್ದಳು. ಹತ್ತು ಹನ್ನೆರಡು ವರ್ಷದ ಮೇಲೆ ಅದೇ ಮಹಡಿಯಲ್ಲಿ ಕೂತು ಮಗಳು ಬಿ.ಎಸ್ಸಿ. ಓದಿದಳು. "ಆ ಗ್ವಾಡಿ ಎಲ್ಲಿ ಸೊಟ್ಟ ಐತಿ ಅಂತ ನಮ್ಮವ್ವಗ ಗೊತ್ತು, ನನಗೂ ಗೊತ್ತು. ಪ್ರಿನ್ಸಿಪಾಲರಿಗೆ ಗೊತ್ತಿಲ್ಲ" ಎಂದು ನಗುತ್ತಿದ್ದಳು.

ಅವಳ ಕೋಣೆಯಲ್ಲಿ ಗಾಜಿನ ತಟ್ಟೆಗಳು. ತಟ್ಟೆಯಲ್ಲಿ ಒದ್ದೆ ಒತ್ತುಕಾಗದ, ಅದರ ಮೇಲೆ ಸಾಲಾಗಿ ನೂರು ಬೀಜ. ಐದನೇ ದಿನ ಎಷ್ಟು ಮೊಳೆತಿವೆ ಎಂದು ಎಣಿಸುವುದು. ನೂರಕ್ಕೆ ಎಂಬತ್ತು ದಾಟದಿದ್ದರೆ ಆ ಬೀಜ ಬಿತ್ತಲು ಲಾಯಕ್ಕಿಲ್ಲ. ಇಷ್ಟೇ ಶಾಸ್ತ್ರ. ಆದರೆ ಅಕ್ಕ ಎಣಿಸುವ ರೀತಿ ಬೇರೆ ಇತ್ತು. ಆಚೆ ದೇಶದಲ್ಲಿ ನದಿ ದಂಡೆಯ ಸಣ್ಣ ಊರೊಂದರಲ್ಲಿ ಬೀಜದಂಗಡಿ ಇಟ್ಟಿದ್ದ ಮುದುಕರೊಬ್ಬರು ನಮ್ಮ ಹಳೆಯ ಗಿರಾಕಿ. ನಾವು ಚಾಚಾ ಅನ್ನುತ್ತಿದ್ದೆವು. ಕಾಗದದ ಮೇಲಿನ ಅಂಕಿ ಅವರಿಗೆ ಸಾಲುತ್ತಿರಲಿಲ್ಲ. ಫೋನಿನಲ್ಲೇ ಎಣಿಸಬೇಕು. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟು, ಚಿಮಟದಿಂದ ಒಂದೊಂದೇ ಮೊಳಕೆ ಎತ್ತುತ್ತ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಅವಳಿಗೆ ಅಂಕಿ ಬೇರೆ ಭಾಷೆಯಲ್ಲಿ ಓಡುತ್ತಿರಲಿಲ್ಲ. ಚಾಚಾಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅವರು ಅವಳ ಒಂದೊಂದು ಅಂಕಿಗೆ ತಮ್ಮ ಜಪಮಾಲೆಯ ಒಂದೊಂದು ಮಣಿ ಸರಿಸುತ್ತಿದ್ದರು. ಅವಳು ನಿಲ್ಲಿಸಿದಾಗ ಅವರು ತಮ್ಮ ಮಣಿ ಹೇಳುತ್ತಿದ್ದರು. ಎರಡೂ ತಾಳೆಯಾದರೆ ವ್ಯಾಪಾರ.

ಆಮೇಲೆ ಹರಟೆ. ಅವರದು ಬಂಗಾಳಿ ಉಟ್ಟ ಹಿಂದಿ, ಅಕ್ಕನದು ಯಾದಗಿರಿ ಉಟ್ಟ ಹಿಂದಿ. ಇಲ್ಲಿ ಎರಡನ್ನೂ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಅವರು ಅವಳನ್ನು "ಮಾ" ಎನ್ನುತ್ತಿದ್ದರು. ಅವರ ಕಡೆ ಹಿರಿಯರು ಮಗಳಂಥವರನ್ನು ಹಾಗೇ ಕರೆಯುತ್ತಾರಂತೆ. ಸೆಣಬಿನ ಎಳೆ ಎಲೆ ಅವರು ಪಲ್ಯ ಮಾಡಿ ತಿನ್ನುತ್ತಾರೆಂದು ತಿಳಿದ ದಿನ ಅಕ್ಕ ಕುಣಿದಾಡಿಬಿಟ್ಟಳು. "ನಮ್ಮಲ್ಲಿ ಪುಂಡಿ ಪಲ್ಯ ಚಾಚಾ! ರೊಟ್ಟಿ ಕೂಡ! ನೀವು ಬಂದ್ರ ನಾ ಮಾಡಿ ಹಾಕ್ತೀನಿ!"

"ನನಗೆ ವೀಸಾ ಕೊಡುವವರು ಯಾರು ಮಾ? ನೀನು ಬೀಜ ಕಳಿಸು, ಸಾಕು. ಬೀಜಕ್ಕೆ ವೀಸಾ ಬೇಗ ಸಿಗುತ್ತದೆ."

ಇದನ್ನೂ ನಾನು ಊಟದ ಹೊತ್ತಿನಲ್ಲಿ ಮಾಡಿ ತೋರಿಸುತ್ತಿದ್ದೆ. ಎಡಗೈಯಲ್ಲಿ ಚಾಚಾ, ಬಲಗೈಯಲ್ಲಿ ಅಕ್ಕ. ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಒಮ್ಮೆ ತಿದ್ದಿದಳು ಕೂಡ. "ಏ ತಮ್ಮಾ, ತಪ್ಪು ಮಾಡಾಕತ್ತಿ. ನೀ ಒಂದ ಸಮ ಎಣಿಸ್ತಿ. ನಾ ಎಂಬತ್ತು ದಾಟಿದ ಮ್ಯಾಲ ಸಾವಕಾಶ ಆಕ್ಕೀನಿ. ಆವಾಗ ಉಳಿದ ಬೀಜ ಹುಡುಕಬೇಕಾಗತೈತಲ್ಲ? ಒಂದ್ ಉಸಿರು ಎಳೀಬೇಕು ನಡುವ."

"ಹಿಂಗೇನ್ರಿ?" ಎಂದು ಎಂಬತ್ತೊಂದು, ಎಂಬತ್ತೆರಡು ಎಣಿಸಿದೆ, ಉಸಿರೆಳೆದು.

"ಹಾಂ, ಈಗ ಬರೋಬರಿ" ಎಂದಳು. ಆ ಪಾಠ ನಾನು ಕೇಳಿ ಕಲಿತದ್ದಲ್ಲ. ಅವಳೇ ಕೊಟ್ಟದ್ದು.

ಆ ವರ್ಷದ ಲಾರಿ ಹೋದದ್ದು ಬೇಸಿಗೆಯ ಮೊದಲಲ್ಲಿ. ಹೊರಡುವ ಮುನ್ನ ಅಕ್ಕ ಎಣಿಸಿದ್ದು ತೊಂಬತ್ತೊಂದು. ಚಾಚಾರ ಮಣಿಯೂ ತೊಂಬತ್ತೊಂದು. ಲಾರಿ ವಾರದೊಳಗೆ ಗಡಿ ಮುಟ್ಟಿತು. ಮುಟ್ಟಿ, ನಿಂತಿತು. ಬೀಜವನ್ನು ನೆಲದ ದಾರಿಯಲ್ಲಿ ಬಿಡಲು ಹೊಸ ಅನುಮತಿ ಬೇಕೆಂಬ ಸುತ್ತೋಲೆಯೊಂದು ಬಂದಿತ್ತು. ಈ ಕಡೆಯವರು ಆ ಕಡೆಯ ಕಾಗದ ಬರಲಿ ಅನ್ನುತ್ತಿದ್ದರು, ಆ ಕಡೆಯವರು ಈ ಕಡೆಯ ಕಾಗದ ಬರಲಿ ಅನ್ನುತ್ತಿದ್ದರು. ಎರಡು ಕಾಗದಗಳೂ ಮನೆಯಲ್ಲಿ ಕೂತು ಇನ್ನೊಂದು ಮೊದಲು ಕರೆಯಲಿ ಎಂದು ಕಾಯುವ ಬೀಗರಂತೆ ಕೂತವು.

ಡ್ರೈವರು ಹುಮ್ನಾಬಾದ್ ಕಡೆಯವನು. ದಿನಾ ಫೋನು ಮಾಡುತ್ತಿದ್ದ. "ನನ್ನ ಮುಂದ ಎಷ್ಟ ಗಾಡಿ ಅದಾವ ಅಂತ ಕೇಳಬ್ಯಾಡ್ರಿ ಸರ. ಹಿಂದ ಎಷ್ಟ ಅದಾವ ಅಂತ ಕೇಳ್ರಿ, ಒಂದ್ ಸ್ವಲ್ಪ ಸಮಾಧಾನ ಆಕ್ಕೈತಿ." ಮೊದಲ ವಾರ ನಕ್ಕೆವು. ಎರಡನೇ ವಾರ ಅವನು, "ತಾಡಪಾಲಿನ ಕೆಳಗ ಕೈ ಇಟ್ರ ಬಾಣಲಿ ಕೆಳಗ ಕೈ ಇಟ್ಟಂಗ ಆಗಾಕತ್ತೈತಿ" ಎಂದ. ಮಾರನೆಯ ದಿನ ಅಲ್ಲಿ ಗಾಳಿಮಳೆ; ಒಂದು ಮೂಲೆಯಲ್ಲಿ ತಾಡಪಾಲು ಹರಿದು ಚೀಲ ನೆನೆದವು. ಅಂದು ಅಕ್ಕ ಊಟ ಬಿಟ್ಟು ಎದ್ದಳು.

ಲಾರಿಗೆ ತುಂಬಿದ ಪ್ರತಿ ರಾಶಿಯಿಂದ ಒಂದು ಸಣ್ಣ ಚೀಲ ಕಚೇರಿಯಲ್ಲೇ ಉಳಿಯುತ್ತದೆ, ಎ.ಸಿ. ಕೋಣೆಯಲ್ಲಿ. ಆಮೇಲೆ ಏನಾದರೂ ತಕರಾರು ಬಂದರೆ ಪರೀಕ್ಷೆಗೆ ಆಗಲಿ ಎಂದು ಇಡುವ ಸಾಕ್ಷಿ ಚೀಲ. ಅಕ್ಕ ಅದನ್ನು ಹೊತ್ತು ಕಟ್ಟಡದ ನೆತ್ತಿಯ ತೆರೆದ ಮಹಡಿಗೆ ಹೋದಳು. ಅಬಿಡ್ಸ್‌ನ ಆ ಬಿಸಿಲಿನಲ್ಲಿ ಅದನ್ನು ನೀರಿನ ಟ್ಯಾಂಕಿನ ಪಕ್ಕ ಇಟ್ಟು, ಮೇಲೆ ಕಪ್ಪು ತಾಡಪಾಲು ಹೊದಿಸಿ ನಾಲ್ಕು ಕಲ್ಲು ಹೇರಿದಳು. ಒಂದು ತಂಬಿಗೆ ನೀರು ತಂದು ತಾಡಪಾಲಿನ ಮೂಲೆ ಎತ್ತಿ ಚಿಮುಕಿಸಿದಳು.

"ಇದೇನ್ರಿ ಅಕ್ಕಾರ, ಚೀಲಕ್ಕ ಜಳಕ ಹಾಕಾಕತ್ತೀರಿ?"

"ಅಲ್ಲಿ ಮಳಿ ಆಗೇತಿ. ಇಲ್ಲೂ ಆಗಬೇಕು. ಎ.ಸಿ.ಯಾಗ ಮಲಗಿದ ಬೀಜ ನೋಡಿ ನಾ ಲಾರಿ ಬೀಜದ ಸಂಕಟ ಹೇಳಾಕ ಆಗತೈತೇನು?"

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಡ್ರೈವರು ಫೋನು ಮಾಡಿದ ಕೂಡಲೇ ಅಕ್ಕ ಕೇಳುವುದು: ಬಿಸಿಲು ಹೆಂಗೈತಿ? ಮಳಿ ಬಂತೇನು? ಗಾಳಿಗೆ ತಾಡಪಾಲು ತೆಗೆದಿದ್ದೇನು? ಅವನು ಹೇಳಿದ್ದನ್ನೆಲ್ಲ ಮಹಡಿಯ ಚೀಲಕ್ಕೂ ಮಾಡುವುದು. ನಾನು ಬಿಡುತ್ತೇನೆಯೇ? "ಅಕ್ಕಾರ, ಅಲ್ಲಿ ಪೊಲೀಸಪ್ಪ ಲಾಠಿಲೆ ಲಾರಿಗಿ ಎರಡ್ ಬಡದಾನಂತ್ರಿ. ತರಲೇನು ಒಂದು ಕೋಲು?" ಎಂದೆ. ಡ್ರೈವರ ದನಿಯಲ್ಲಿ ಮಹಡಿಯ ಮೆಟ್ಟಿಲಿನಿಂದ, "ಅಕ್ಕಾರ, ಆನಿಕಲ್ಲು ಬೀಳಾಕತ್ತಾವ್ರೀ!" ಎಂದು ಕೂಗಿದೆ. ಅವಳು ನಿಜವೆಂದೇ ನಂಬಿ ಐಸು ಹುಡುಕಲು ಕೆಳಗಿನ ಜ್ಯೂಸಿನಂಗಡಿಗೆ ಓಡಿದಳು. ಇಡೀ ಕಚೇರಿ ನಕ್ಕಿತು. ಐಸಿನ ಚೀಲ ಹಿಡಿದು ಏದುಸಿರು ಬಿಡುತ್ತ ಬಂದವಳು ನನ್ನ ಮುಖ ನೋಡಿ, "ಮಂಗ್ಯಾ" ಎಂದಳು. ಅಷ್ಟೇ. ಐಸನ್ನು ನಮ್ಮೆಲ್ಲರ ಶರಬತ್ತಿಗೆ ಹಾಕಿದಳು.

ಮಹಡಿಯ ಚೀಲದ ಬೀಜ ಎಂಬತ್ತಾರಕ್ಕೆ ಇಳಿಯಿತು. ಮುಂದಿನ ಎಣಿಕೆಗೆ ಎಂಬತ್ತೆರಡು.

ಅತ್ತ ಚಾಚಾರ ಊರಿನಲ್ಲಿ ಬಿತ್ತನೆಯ ದಿನ ಮುಗಿಯುತ್ತ ಬಂದಿದ್ದವು. ಸೆಣಬು ತಡವಾಗಿ ಬಿತ್ತಿದರೆ ಗಿಡ ಎತ್ತರವಾಗುವ ಮೊದಲೇ ಹೊಲದಲ್ಲಿ ನೆರೆ ನೀರು ನಿಲ್ಲುತ್ತದೆ. ಸುತ್ತಲಿನ ಹಳ್ಳಿಗಳಿಗೆ ಅವರು ಹೈದರಾಬಾದಿನ ಬೀಜ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಪಕ್ಕದ ಜಿಲ್ಲೆಯ ವ್ಯಾಪಾರಿಯೊಬ್ಬರ ಬಳಿ ಬೇರೆ ಒಳ್ಳೆಯ ಬೀಜ ಇತ್ತು. ಚಾಚಾ ಬೇಕೆಂದರೆ ಅವರು ಕೊಡುತ್ತಿದ್ದರು. ನಮ್ಮ ಲಾರಿಗೆ ಕಾಯಬೇಕೋ, ಕೈಬಿಟ್ಟು ಅದನ್ನು ತರಬೇಕೋ? ಚಾಚಾ ಅಕ್ಕನನ್ನೇ ಕೇಳಿದರು. ಮಹಡಿಯ ಚೀಲದ ವಿಷಯ ಅವಳು ಅವರಿಗೆ ಮೊದಲೇ ಹೇಳಿದ್ದಳು; ಕೊನೆಯ ಎಣಿಕೆ ಆಗಲಿ ಎಂದು ನಡುವಿನ ಅಂಕಿಗಳನ್ನು ಮಾತ್ರ ಹೇಳಿರಲಿಲ್ಲ. ಮುದುಕರಿಗೆ ಅದು ಭಾಳ ಹಿಡಿಸಿತ್ತು. "ನಿನ್ನ ಮಹಡಿಯ ಚೀಲ ಏನು ಹೇಳುತ್ತದೋ ಅದೇ ನನ್ನ ತೀರ್ಮಾನ ಮಾ" ಎಂದಿದ್ದರು.

"ಇನ್ನೊಂದು ತಟ್ಟಿ ಹಾಕೀನಿ ಚಾಚಾ. ಗುರುವಾರಕ್ಕ ಐದು ದಿನ ಆಗತೈತಿ. ಶುಕ್ರವಾರ ನಿಮಗ ಎಣಿಸಿ ಹೇಳ್ತೀನಿ. ಎಂಬತ್ತು ದಾಟಲಿಲ್ಲ ಅಂದ್ರ ನಮ್ಮ ಬೀಜ ಬಿಡ್ರಿ, ಅವರದು ತಗೋರಿ."

ಇದನ್ನು ಕೇಳಿಸಿಕೊಂಡ ಸಾಹೇಬರ ಮುಖ ನೋಡಬೇಕಿತ್ತು. ಚಾಚಾ ಬೇಡ ಅಂದರೆ ಸತ್ತ ಬೀಜದ ಲಾರಿ ತಿರುಗಿ ನಮ್ಮ ಗೋದಾಮಿಗೇ ಬರುತ್ತದೆ. "ಸಾಕ್ಷಿ ಚೀಲ ಎ.ಸಿ.ಯಲ್ಲಿರಬೇಕು ಅಂತ ನಿಯಮವಿದೆ. ನಿನಗೆ ಮಹಡಿ ಮೇಲೆ ಇಡು ಅಂದವರಾರು?" ಎಂದರು.

"ಲಾರಿ ಎ.ಸಿ.ಯಾಗ ಐತೇನ್ರಿ ಸರ?" ಎಂದಳು ಅಕ್ಕ.

ಬುಧವಾರ ಅವಳು ಯಾದಗಿರಿಗೆ ಹೋದಳು. ತಾಯಿಯ ಕಣ್ಣಿನ ಪೊರೆ ತೆಗೆಸುವುದಿತ್ತು. ಹೋಗುವಾಗ ತಟ್ಟೆ ತೋರಿಸಿ, "ತಮ್ಮಾ, ನಾಳಿ ಮುಂಜಾನಿ ಇದನ್ನ ಎಣಿಸಿ ನನಗ ಫೋನ್ ಹಚ್ಚು. ಮಂಗ್ಯಾನಾಟ ಮಾಡಬ್ಯಾಡ" ಎಂದಳು.

ಗುರುವಾರ ಬೆಳಿಗ್ಗೆ ಎಣಿಸಿದೆ. ಆಟವಾಡದೆ, ಎರಡು ಸಲ. ಐವತ್ತೆಂಟು.

ಅಕ್ಕನಿಗೆ ಫೋನು ಮಾಡಲು ಮೊಬೈಲು ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಕಚೇರಿಯ ಫೋನು ಬಡಿದುಕೊಂಡಿತು, ಸಾಹೇಬರು ಎತ್ತಿದರು. ಚಾಚಾ. ಪಕ್ಕದ ಜಿಲ್ಲೆಯ ವ್ಯಾಪಾರಿಗೆ ಬೇರೆ ಗಿರಾಕಿ ಬಂದಿದ್ದಾನೆ, ನಾಳೆಯವರೆಗೆ ಅವರು ಕಾಯುವುದಿಲ್ಲ, ಈಗಲೇ ಹೇಳಬೇಕು. "ಮಾ ಎಲ್ಲಿ? ಮಾಗೆ ಕೊಡಿ."

ಸಾಹೇಬರು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ನೋಡಿದರು. "ಎಷ್ಟು?"

"ಐವತ್ತೆಂಟು, ಸಾರ್."

"ಚೀಲ ಎ.ಸಿ.ಯಲ್ಲೇ ಇದ್ದಿದ್ದರೆ ತೊಂಬತ್ತೊಂದೇ ಇರುತ್ತಿತ್ತು. ಹೌದಲ್ಲ?"

"ಇರುತ್ತಿತ್ತೇನೋ, ಸಾರ್."

"ಹಾಗಾದರೆ ಸುಳ್ಳಲ್ಲ. ಮಾತಾಡು." ಆಮೇಲೆ ಸ್ವಲ್ಪ ನಕ್ಕು, "ಅವಳಿಗಿಂತ ಚೆನ್ನಾಗಿ ನೀನೇ ಮಾಡ್ತೀಯಂತೆ. ಮಾಡು, ಕೇಳೋಣ" ಎಂದರು.

ಕೆಲಸ ಹೋಗುತ್ತದೆಂದು ಹೆದರಿ ಮಾಡಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಬಂದೀತು. ಹೆದರಿಕೆ ಇತ್ತು. ಆದರೆ ಅದಕ್ಕಿಂತ ಮೊದಲು ಬಂದದ್ದು ಇನ್ನೊಂದು: ಸುತ್ತಲಿನ ಮೇಜುಗಳವರೆಲ್ಲ ಕೆಲಸ ಬಿಟ್ಟು ನನ್ನ ಕಡೆ ತಿರುಗಿದ್ದರು. ಅವರ ಮುಖದಲ್ಲಿ ಊಟದ ಹೊತ್ತಿನ ನಗು ತಯಾರಾಗಿತ್ತು. ಆ ನಗುವಿಗಾಗಿ ನನ್ನ ಗಂಟಲು ತಾನಾಗಿಯೇ ಸಿದ್ಧವಾಯಿತು.

"ಚಾಚಾ, ನಾನ್ರಿ. ಊಟ ಆತೇನು?" ಎಂದೆ. ಅಕ್ಕ ಹಾಗೇ ಶುರು ಮಾಡುವುದು.

"ಆಮೇಲೆ ಮಾ, ಆಮೇಲೆ. ಮೊದಲು ಎಣಿಸು. ಮಹಡಿಯ ಚೀಲದ್ದೇ ಅಲ್ಲವಾ?"

"ಅದ ಚಾಚಾ. ಮಹಡಿದ."

ಮುಂದೆ ಖಾಲಿ ಮೇಜು. ಕೈಯಲ್ಲಿ ಒಂದು ಪೆನ್ನು. ಗಾಜಿಗೆ ಚಿಮಟ ತಾಗುವ ಸಪ್ಪಳಕ್ಕೆ ಪೆನ್ನನ್ನು ಚಹಾದ ಗ್ಲಾಸಿಗೆ ತಾಗಿಸುತ್ತ ಶುರು ಮಾಡಿದೆ. ಒಂದು. ಎರಡು. ಮೂರು. ಆ ಕಡೆ ಮಣಿಗಳು ಸರಿಯುವುದು ಸಣ್ಣಗೆ ಕೇಳುತ್ತಿತ್ತು. ಇಪ್ಪತ್ತು, ಮೂವತ್ತು ಸಲೀಸಾಗಿ ಹೋದವು. ಅಲ್ಲಿಯವರೆಗೆ ಅದು ಸುಳ್ಳೂ ಆಗಿರಲಿಲ್ಲ. ಐವತ್ತೆಂಟರವರೆಗಿನ ಅಂಕಿಗಳು ತಟ್ಟೆಯಲ್ಲಿ ನಿಜಕ್ಕೂ ಇದ್ದವು. ಐವತ್ತೆಂಟಕ್ಕೆ ಬಂದಾಗ ನಾಲಿಗೆ ತಡೆಯಿತು. ನಿಲ್ಲಬಹುದಿತ್ತು. "ಇಷ್ಟ ಚಾಚಾ" ಎಂದಿದ್ದರೆ ಅಕ್ಕ ಹೇಳಬೇಕಾದ್ದನ್ನು ಅಕ್ಕನ ದನಿಯೇ ಹೇಳಿದಂತಾಗುತ್ತಿತ್ತು. ಸಾಹೇಬರು ಗಾಳಿಯಲ್ಲಿ ಬೆರಳು ತಿರುಗಿಸಿದರು, ಮುಂದೆ, ಮುಂದೆ ಎಂದು. ಐವತ್ತೊಂಬತ್ತು ಎಂದೆ. ಆಮೇಲೆ ಒಂದೊಂದೂ ಇಲ್ಲದ ಮೊಳಕೆ. ಎಂಬತ್ತು ದಾಟಿದ ಮೇಲೆ ಸಾವಕಾಶ ಮಾಡಿದೆ. ನಡುವೆ ಉಸಿರೆಳೆದೆ. ಹುಡುಕಿದೆ. ತೊಂಬತ್ತು. ತೊಂಬತ್ತೊಂದು.

"ತೊಂಬತ್ತೊಂದು ಮಣಿ" ಎಂದರು ಚಾಚಾ. ದನಿ ಒಡೆದಿತ್ತು. "ಅಲ್ಲಾಹು ನಿನ್ನನ್ನು ಚೆನ್ನಾಗಿಟ್ಟಿರಲಿ ಮಾ. ಆ ಬೀಜ ಬೇಡ ಅಂತ ಹೇಳಿಬಿಡುತ್ತೇನೆ. ನಿನ್ನ ಲಾರಿಗೇ ಕಾಯುತ್ತೇನೆ."

ಫೋನು ಇಟ್ಟ ಮೇಲೆ ಯಾರೂ ನಗಲಿಲ್ಲ. ಒಬ್ಬ ಚಪ್ಪಾಳೆ ತಟ್ಟಲು ಕೈ ಎತ್ತಿದವನು ಆ ಕೈಯಿಂದ ತಲೆ ಕೆರೆದುಕೊಂಡ.

ಮಧ್ಯಾಹ್ನ ಅಕ್ಕ ಯಾದಗಿರಿಯಿಂದ ಫೋನು ಮಾಡಿದಳು. ತಾಯಿಯ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಎಲ್ಲ ಆರಾಮ. "ಎಣಿಸಿದೆಯೇನು?"

"ಇಲ್ರಿ ಅಕ್ಕಾರ. ಇವತ್ತು ಕೆಲಸ ಭಾಳ ಐತಿ. ನೀವ ಬಂದು ಎಣಿಸ್ರಿ."

ಆ ಒಂದು ಸುಳ್ಳನ್ನು ಮಾತ್ರ ನನ್ನ ಸ್ವಂತ ದನಿಯಲ್ಲಿ ಹೇಳಿದ್ದು.

ಶುಕ್ರವಾರ ಅವಳು ಸ್ಟೇಷನ್ನಿನಿಂದ ನೇರವಾಗಿ ಬಂದಳು, ಚೀಲದಲ್ಲಿ ನಮಗೆಲ್ಲ ಶೇಂಗಾ ಹೋಳಿಗೆ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು ಚಾಚಾಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ತಡೆಯಬೇಕಿತ್ತು. ನಾನು ಬಾಗಿಲಲ್ಲಿ ಹೋಳಿಗೆ ಹಿಡಿದು ನಿಂತಿದ್ದೆ.

"ಚಾಚಾ, ಎಣಿಸ್ತೀನ್ರಿ."

"ಮತ್ತೆ ಯಾಕೆ ಮಾ?" ಎಂದರು ಅವರು, ನಗುತ್ತ. "ಸರಿ, ಎಣಿಸು. ಕೇಳಲಿಕ್ಕೆ ಹಿತ."

ಅವಳಿಗೆ ಅರ್ಥವಾಗಲಿಲ್ಲ. ಎಣಿಸತೊಡಗಿದಳು. ಐವತ್ತೆಂಟಕ್ಕೆ ನಿಲ್ಲಿಸಿದಳು. "ಇಷ್ಟ ಚಾಚಾ. ನಮ್ಮ ಬೀಜ ಬಿಡ್ರಿ. ಇವತ್ತ ಅವರದು ತರಿಸಿಕೊಳ್ರಿ."

ಆ ಕಡೆ ಜಪಮಾಲೆ ಕೆಳಗಿಟ್ಟ ಸಪ್ಪಳ. ಆಮೇಲೆ, "ನಿನ್ನೆ ತೊಂಬತ್ತೊಂದರವರೆಗೆ ಎಣಿಸಿದೆಯಲ್ಲ ಮಾ. ಆ ಬೀಜ ನಿನ್ನೆಯೇ ಬೇರೆಯವರಿಗೆ ಹೋಯಿತು."

"ನಾನೇನು? ನಿನ್ನಿ ನಾ ಊರಾಗಿದ್ದೆ ಚಾಚಾ."

"ಮಾ, ನಿನ್ನ ದನಿ ನನಗೆ ಗೊತ್ತಿಲ್ಲವಾ?"

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಹೋಳಿಗೆಯ ಪುಡಿ ನನ್ನ ಅಂಗಿಯ ಮೇಲೆ ಬಿದ್ದಿತ್ತು. ನಾನು ಮೇಜಿನ ಹತ್ತಿರ ಬಂದು ಫೋನಿಗೆ ಬಾಗಿ, ನನ್ನ ಆ ಮೂಗಿನ ದನಿಯಲ್ಲಿ, "ಚಾಚಾ, ನಿನ್ನೆ ಎಣಿಸಿದ್ದು ನಾನು" ಎಂದೆ.

"ನೀನು ಯಾರು?"

ವಾರಕ್ಕೆರಡು ಸಲವಾದರೂ ಅವರೊಡನೆ ಮಾತಾಡುತ್ತಿದ್ದವನು ನಾನು. ಸಾಹೇಬನಾಗಿ, ಏಜೆಂಟನಾಗಿ, ಇಲ್ಲದ ಮ್ಯಾನೇಜರನಾಗಿ. ನನ್ನನ್ನು ಅವರು ಕೇಳಿದ್ದು ಅದೇ ಮೊದಲು.

"ನಾನು ಇಲ್ಲಿ ಕಾಗದಪತ್ರ ನೋಡುವವನು. ಅಕ್ಕನ ದನಿ ಮಾಡಿದೆ. ಅವರ ತಪ್ಪಿಲ್ಲ."

"ತಪ್ಪು ಹೊರಲಿಕ್ಕೆ ಒಬ್ಬನನ್ನು ಮುಂದೆ ನಿಲ್ಲಿಸಿದ್ದಾರೆ" ಎಂದರು ಚಾಚಾ. ಸಿಟ್ಟಿಲ್ಲ, ಬರೀ ದಣಿವು. "ಹೌದಾದರೆ ಎಣಿಸು ನೋಡೋಣ. ಈಗ."

ಅಕ್ಕನ ಮುಖ ನೋಡಿದೆ. "ಮಾಡು" ಎಂದಳು. "ನಾ ಹೆಂಗ ಸುಳ್ಳು ಹೇಳೀನಿ, ನಾನೂ ಕೇಳ್ತೀನಿ."

ಒಂದು, ಎರಡು, ಮೂರು. ಅವಳು ಎದುರಿಗೇ ಕೂತಿದ್ದಳು, ಚಿಮಟ ಇನ್ನೂ ಕೈಯಲ್ಲಿ. ತನ್ನ ಮಾತು ಇನ್ನೊಬ್ಬನ ಬಾಯಿಂದ ಬರುವುದನ್ನು ಅವಳು ಎಷ್ಟೋ ಸಲ ನೋಡಿ ನಕ್ಕಿದ್ದಳು. ಅಂದು ಅವಳ ತುಟಿಗಳು ನನ್ನ ಜೊತೆಗೆ ಸದ್ದಿಲ್ಲದೆ ಅಲುಗಾಡುತ್ತಿದ್ದವು, ಯಾರು ಯಾರನ್ನು ಅಣಕಿಸುತ್ತಿದ್ದಾರೆ ಎಂಬುದೇ ತಿಳಿಯದ ಹಾಗೆ. ಇಪ್ಪತ್ತರ ಹತ್ತಿರ ಬಂದಾಗ ಚಾಚಾ, "ಸಾಕು" ಎಂದರು.

ಕೆಳಗಿನ ಗಲ್ಲಿಯಲ್ಲಿ ಆಟೋವೊಂದು ಹಾರ್ನು ಹಾಕುತ್ತಲೇ ಇತ್ತು.

"ಮಾ, ಅಲ್ಲಿದ್ದೀಯಾ?"

"ಅದೀನಿ ಚಾಚಾ."

"ಈಗ ಅದೀನಿ ಅಂದದ್ದು ಯಾರು?"

ಅಕ್ಕ ಬಾಯಿ ತೆರೆದಳು. ನನ್ನನ್ನು ನೋಡಿದಳು. ಮುಚ್ಚಿದಳು.

"ಐವತ್ತೆಂಟೋ, ತೊಂಬತ್ತೊಂದೋ" ಎಂದರು ಚಾಚಾ, "ಇನ್ನು ನಿಮ್ಮ ಊರಿನಿಂದ ಯಾರು ಏನು ಎಣಿಸಿದರೂ ನನಗೆ ಒಂದೇ." ಫೋನು ಇಟ್ಟರು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಗುಳವನ್ನು ನಾನು ಮಾಡಿ ತೋರಿಸಬಲ್ಲೆ, ಹಾಗೆ ಅದು ಕರಗಿಹೋಗುತ್ತದೆ. ಅವಳು ಚಿಮಟ ಒರೆಸಿ ಡಬ್ಬಿಯಲ್ಲಿಟ್ಟಳು. ಮಹಡಿಗೆ ಹೋಗಿ ತಾಡಪಾಲಿನ ಮೇಲಿನ ಕಲ್ಲು ತೆಗೆದು, ಚೀಲ ಹೊತ್ತು ಕೆಳಗೆ ತಂದು, ಎ.ಸಿ. ಕೋಣೆಯಲ್ಲಿ ನಿಯಮದ ಪ್ರಕಾರ ಅದರ ಜಾಗದಲ್ಲಿ ಇಟ್ಟಳು.

ಲಾರಿ ಮುಂದಿನ ವಾರ ಗಡಿ ದಾಟಿತು. ಎರಡು ಕಾಗದಗಳೂ ಒಂದೇ ದಿನ ಬಂದವಂತೆ. ಬೇರೆ ಬೀಜ ಇಲ್ಲದ್ದರಿಂದ ಚಾಚಾ ಅದನ್ನೇ ಇಳಿಸಿಕೊಂಡರು, ಡ್ರೈವರು ಹೇಳಿದ. ಹೊಲಗಳಲ್ಲಿ ಎಷ್ಟು ಮೊಳೆಯಿತು ಎಂದು ನಮಗೆ ಯಾರೂ ಹೇಳಲಿಲ್ಲ, ಸಾಹೇಬರು ಕೇಳಲೂ ಇಲ್ಲ. ಮರುವರ್ಷ ಆ ಊರಿನಿಂದ ಫೋನು ಬರಲಿಲ್ಲ. ಸಾಹೇಬರು ಅದೇ ವರ್ಷ ತಂಪು ಸಭಾಂಗಣದಲ್ಲಿ ನೆರೆ ದೇಶಗಳ ನಡುವೆ ಬೇಕಾದದ್ದು ರಸ್ತೆಗಿಂತ ಮೊದಲು ನಂಬಿಕೆ ಎಂದು ಮಾತಾಡಿದರು. ಜೋರು ಚಪ್ಪಾಳೆ ಬಿತ್ತು. ಅದನ್ನೂ ಬರೆದುಕೊಟ್ಟವನು ನಾನೇ. ಬೇರೆ ಕೆಲಸ ಹುಡುಕುತ್ತಿದ್ದೇನೆ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅಕ್ಕ ಬಿಟ್ಟು ಹೋಗಲಿಲ್ಲ. ತಾಯಿಯ ಇನ್ನೊಂದು ಕಣ್ಣು ಬಾಕಿಯಿತ್ತು. ಆದರೆ ಗಟ್ಟಿಯಾಗಿ ಎಣಿಸುವುದನ್ನು ಬಿಟ್ಟಳು. ಈಗ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸುತ್ತಾಳೆ. ಫೋನು ಎತ್ತುವುದಿಲ್ಲ. ಹೊಸದಾಗಿ ಸೇರಿದವರು ಊಟದ ಹೊತ್ತಿನಲ್ಲಿ ನನಗೆ, "ಅಣ್ಣಾ, ಲ್ಯಾಬಿನ ಮೇಡಮ್ಮನ ದನಿ ಮಾಡ್ತಿದ್ರಂತಲ್ಲ?" ಎಂದು ಕೇಳುತ್ತಾರೆ. ಮರೆತುಹೋಗಿದೆ ಅನ್ನುತ್ತೇನೆ. ಮರೆತಿಲ್ಲ. ಉಸಿರೆಳೆಯುವ ಜಾಗ ಸಹಿತ ಹಾಗೇ ಇದೆ.

ಮೊನ್ನೆ ಅಕ್ಕ ಒಂದು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟಳು. "ಎಂಬತ್ತೊಂಬತ್ತು" ಎಂದು ಅಕ್ಷರದಲ್ಲಿ ಬರೆದು, ಕೆಳಗೆ ಸಹಿ.

"ಬಾಯಿಲೆ ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾರ" ಎಂದೆ.

ಅವಳು ಪೆನ್ನಿಗೆ ಟೋಪಿ ಹಾಕಿ ಒಳಗೆ ಹೋದಳು.